ಬೂಟಿನ ತುದಿಯ ಬಿಳಿ

ತಪ್ಪೆಲ್ಲ ಎಡಗಾಲಿನದು ಎಂದು ಥೋರಾ ಯಾವತ್ತೋ ತೀರ್ಮಾನಿಸಿಬಿಟ್ಟಿದ್ದಳು. ಕೈಗೆ ಬುದ್ಧಿಯಿದೆ, ಕಣ್ಣು ಚುರುಕು, ತಲೆಗೆ ನಿಯಮಗಳೆಲ್ಲ ಬಾಯಿಪಾಠ. ಈ ಎಡಗಾಲೊಂದೇ ಹೇಳಿದ ಮಾತು ಕೇಳದ ಪ್ರಾಣಿ. ನವೆಂಬರಿನಿಂದ ಅದನ್ನು ಪಳಗಿಸಿ ಪಳಗಿಸಿ, ಈಗ ಮಾರ್ಚ್ ಬರುವ ಹೊತ್ತಿಗೆ ಅದು ಬೇಡದ ಕಡೆಯಲ್ಲೂ ನಿಲ್ಲತೊಡಗಿತ್ತು. ಆ ಶನಿವಾರ ಬೆಳಿಗ್ಗೆ ಹಾಸ್ಟೆಲಿನ ಮೆಟ್ಟಿಲಿಳಿದು ಬರುವಾಗ, ಹಾಸಿದ ಜಮಖಾನ ಮುಗಿದು ಬರಿಯ ಹಲಗೆ ಶುರುವಾಗುವ ಕಡೆ ಅದು ತಾನಾಗಿಯೇ ಗಕ್ಕನೆ ನಿಂತಿತು. ಹಿಂದೆಯೇ ಬರುತ್ತಿದ್ದ ಬ್ಯೂಲಾ ಅವಳ ಬೆನ್ನಿಗೆ ಬಂದು ಡಿಕ್ಕಿ ಹೊಡೆದಳು.

“ಏನೇ ಇದು, ಮೆಟ್ಟಿಲ ಮೇಲೇ ನಿದ್ದೆ ಮಾಡ್ತೀಯಾ?”

“ಇಲ್ಲ ಕಣೇ, ಬೂಟು ಸಡಿಲ ಆಗಿತ್ತು,” ಎಂದಳು ಥೋರಾ. ಬೂಟು ಬಿಗಿಯಾಗಿಯೇ ಇತ್ತು. ಬ್ಯೂಲಾ ಅದನ್ನು ನೋಡಿದಳು, ನೋಡಿ ಸುಮ್ಮನಾದಳು. ಹೀಗೆ ನೋಡಿ ಸುಮ್ಮನಾಗುವುದೇ ಬ್ಯೂಲಾಳ ಒಳ್ಳೆಯತನ, ಥೋರಾಳಿಗೆ ತಡೆಯಲಾಗದೆ ಇದ್ದದ್ದೂ ಅದೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಮಧ್ಯಾಹ್ನ ಮಾರ್ಲಿ ಕಾಲೇಜಿನ ಹುಡುಗಿಯರು ರೈಲಿನಲ್ಲಿ ಬರುವವರಿದ್ದರು. ವರ್ಷದ ಕೊನೆಯ ಪಂದ್ಯ. ಮೊದಲನೆಯ ಪಂದ್ಯವನ್ನೂ ಮಾರ್ಲಿಯವರ ಮೇಲೆಯೇ, ಅವರ ಊರಿನಲ್ಲೇ ಆಡಿದ್ದು. ಅದನ್ನು ನೆನೆದರೆ ಥೋರಾಳಿಗೆ ಈಗಲೂ ಕಿವಿ ಬಿಸಿಯಾಗುತ್ತಿತ್ತು. ಹುಡುಗಿಯರ ಬ್ಯಾಸ್ಕೆಟ್‌ಬಾಲು ಹುಡುಗರ ಆಟವಲ್ಲ. ಅಂಗಳದ ಮೇಲೆ ಸೀಮೆಸುಣ್ಣದ ಎರಡು ಅಡ್ಡಗೆರೆ, ಮೂರು ಭಾಗ. ಬುಟ್ಟಿಗೆ ಹಾಕುವವರು ಬುಟ್ಟಿಯ ಹತ್ತಿರದ ಭಾಗದಲ್ಲಿ, ತಡೆಯುವವರು ಆಚೆ ತುದಿಯಲ್ಲಿ, ಎತ್ತರದವರು ನಡುವಿನಲ್ಲಿ. ಯಾರೂ ತಮ್ಮ ಭಾಗ ಬಿಟ್ಟು ಕದಲುವಂತಿಲ್ಲ. ನಡುವಿನವರು ಹಾರಿ ಚೆಂಡು ಹಿಡಿಯಬೇಕು, ಗೆರೆಯಾಚೆಗೆ ಎಸೆಯಬೇಕು, ಅಷ್ಟೇ. ಬುಟ್ಟಿ ಅವರ ಪಾಲಿಗೆ ದೂರದ ನೆಂಟರ ಮನೆ ಇದ್ದಂತೆ. ಹುಡುಗಿಯರ ಹೃದಯಕ್ಕೆ ಅಂಗಳದುದ್ದ ಓಡುವ ಶಕ್ತಿಯಿಲ್ಲವೆಂದು ಪೂರ್ವದ ಯಾವುದೋ ಪಟ್ಟಣದಲ್ಲಿ ಯಾರೋ ಕುಳಿತು ಬರೆದಿದ್ದರು. ಥೋರಾಳ ಹೃದಯಕ್ಕೆ ಆ ಸಮಾಚಾರ ತಲುಪಿರಲಿಲ್ಲ. ಅವಳು ಆಟ ಕಲಿತದ್ದು ಕಾನ್ಸಸ್‌ನ ಗೋಧಿ ಬಯಲಿನ ನಡುವೆ, ತಮ್ಮ ಹುಲ್ಲಿನ ಕೊಟ್ಟಿಗೆಯ ಅಟ್ಟದಲ್ಲಿ, ಆಕ್ಸೆಲ್ ಮತ್ತು ಎರಿಕ್ ಎಂಬ ಇಬ್ಬರು ಒರಟು ಅಣ್ಣಂದಿರ ಜೊತೆ. ಮೊಳೆ ಪೀಪಾಯಿಯ ಕಬ್ಬಿಣದ ಪಟ್ಟಿಯೇ ಬುಟ್ಟಿ. ಹುಲ್ಲಿನ ಧೂಳು ಮೂಗಿಗೆ ಅಡರುತ್ತಿತ್ತು, ಲಂಗ ಎತ್ತಿ ಸಿಕ್ಕಿಸಿಕೊಂಡು ಈ ತುದಿಯಿಂದ ಆ ತುದಿಗೆ ಓಡುವುದು, ಎರಿಕ್ ಅಣ್ಣನ ಮೊಣಕೈ ಪಕ್ಕೆಗೆ ತಿವಿಯುವುದು, ಕೆಳಗೆ ಹಸುಗಳು ಸೂರಿನ ಸದ್ದಿಗೆ ಬೆದರಿ ತಲೆಯೆತ್ತುವುದು. ಅಮ್ಮ ಕೆಳಗಿನಿಂದ ಕೂಗುತ್ತಿದ್ದಳು: “ಥೋರಾ, ಇಳಿದು ಬಾರೇ, ಹಾಲು ಒಡೆಯತ್ತೆ ನಿಮ್ಮ ಗದ್ದಲಕ್ಕೆ!”

ಆ ನವೆಂಬರಿನಲ್ಲಿ ಚೆಂಡು ಕೈಗೆ ಬಂದಾಗ ಮೂಗಿಗೆ ಹುಲ್ಲಿನ ಧೂಳು ಬಂತು, ಅಷ್ಟೇ ಅವಳಿಗೆ ನೆನಪಿರುವುದು. ಎಡಗಾಲು ಗೆರೆ ದಾಟಿತು. ಆಮೇಲೆ ಬಲಗಾಲು. ದಾರಿಯಲ್ಲಿದ್ದ ಹುಡುಗಿಯರು ಕಣ್ಣು ಕಣ್ಣು ಬಿಟ್ಟು ಪಕ್ಕಕ್ಕೆ ಸರಿದರು, ಅಂಥದ್ದೊಂದನ್ನು ಅವರು ಕಂಡವರಲ್ಲ. ಚೆಂಡು ಬುಟ್ಟಿಗೆ ಬಿತ್ತು. ಆಮೇಲೆ ಯಾರೋ ಒಬ್ಬಳು ಗಟ್ಟಿಯಾಗಿ ನಕ್ಕಳು. ತಿರುಗಿ ನೋಡಿದರೆ ಮಾರ್ಲಿಯ ನಡುಭಾಗದ ಕೊರಿನ್, ಕೆಂಚು ಕೂದಲಿನವಳು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳ ಹಿಂದೆ ಬೆಂಚಿನ ಹತ್ತಿರ ಮಿಸ್ ಹಾಲ್ಕಮ್, ತಮ್ಮದೇ ತಂಡಕ್ಕೆ ಆಟ ಕಲಿಸುವ ಮಿಸ್, ಎದ್ದು ನಿಂತಿದ್ದರು. ತೀರ್ಪುಗಾರ್ತಿ ಸೀಟಿ ಊದಿದಳು. ಬುಟ್ಟಿ ಲೆಕ್ಕಕ್ಕಿಲ್ಲ, ಎದುರಾಳಿಗೆ ಯಾರೂ ತಡೆಯದ ಒಂದು ಎಸೆತ. ಆ ಒಂದು ಎಸೆತದಲ್ಲೇ ಮಾರ್ಲಿ ಗೆದ್ದಿತು. ವಾಪಸು ರೈಲಿನಲ್ಲಿ ಯಾರೂ ಅವಳನ್ನು ಏನೂ ಅನ್ನಲಿಲ್ಲ. ಬ್ಯೂಲಾ ತನ್ನ ಶಾಲಿನ ಅರ್ಧವನ್ನು ಅವಳ ಮಡಿಲ ಮೇಲೆ ಹಾಕಿ ಕಿಟಕಿಯಾಚೆ ನೋಡುತ್ತ ಕುಳಿತಳು. ಇವಳು ಬೈದಾದರೂ ಬೈಯಬಾರದೇ ಎಂದು ಥೋರಾ ದಾರಿಯುದ್ದಕ್ಕೂ ಕಾದಳು.

ಸುದ್ದಿ ಕಾಲೇಜಿನ ಅಧ್ಯಕ್ಷರಾದ ಡಾಕ್ಟರ್ ಲಿಂಡಾಲರ ಕಿವಿಗೆ ಬೀಳಲು ತಡವಾಗಲಿಲ್ಲ. ಅವರಿಗೆ ಮೊದಲೇ ಈ ಆಟವೆಂದರೆ ಅಷ್ಟಕ್ಕಷ್ಟೆ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಹೆಸರು ಹೇಳದೆ, ಆದರೆ ಥೋರಾ ಕುಳಿತಿದ್ದ ಮೂರನೆಯ ಸಾಲಿನ ಕಡೆಗೇ ನೋಡುತ್ತ ಹೇಳಿದರು, ಆಟದಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯದವಳಿಗೆ ಬಾಳಿನಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯುವುದು ಹೇಗೆ ಎಂದು. ಇಂಥದ್ದು ಇನ್ನೊಂದು ಸಲ ನಡೆದರೆ ಹುಡುಗಿಯರ ಆಟವನ್ನೇ ನಿಲ್ಲಿಸುವುದಾಗಿಯೂ, ಕೊನೆಯ ಪಂದ್ಯವನ್ನು ತಾವೇ ಬಂದು ನೋಡುವುದಾಗಿಯೂ ಮಿಸ್ ಹಾಲ್ಕಮ್‌ಗೆ ತಿಳಿಸಿದರು. ಅಂದರೆ ಬ್ಯೂಲಾಳ ಬುಟ್ಟಿಗಳು, ಉಳಿದ ಹುಡುಗಿಯರ ಮಂಗಳವಾರ ಮತ್ತು ಗುರುವಾರದ ಸಂಜೆಗಳು, ಎಲ್ಲ ಬಂದು ಥೋರಾಳ ಒಂದು ಕಾಲಿನ ಮೇಲೆ ನಿಂತವು.

ಮಿಸ್ ಹಾಲ್ಕಮ್ ಕೂಗಾಡುವವರಲ್ಲ. ಗೆರೆಗಳ ಮೇಲೆ ಸೀಮೆಸುಣ್ಣವನ್ನು ದಪ್ಪಗೆ ಬಳಿಯುವರು, ಆಡಿಸುವರು, ಮುಗಿದ ಮೇಲೆ ಎಲ್ಲರೆದುರು ಒಂದೇ ಮಾತು: “ಬೂಟಿನ ತುದಿ ತೋರಿಸು.” ಥೋರಾ ಕಪ್ಪು ಕ್ಯಾನ್ವಾಸಿನ ಬೂಟನ್ನು ಮುಂದೆ ಚಾಚಬೇಕು, ಲಾಳ ಹೊಡೆಸಿಕೊಳ್ಳುವ ಕುದುರೆಯ ಹಾಗೆ. ತುದಿ ಬಿಳಿಯಾಗಿದ್ದರೆ ಗೆರೆ ಮುಟ್ಟಿದಳೆಂದು ಅರ್ಥ. ಬಕೆಟ್ಟು ತಂದು ಗೆರೆಗಳನ್ನು ಒರೆಸಿ ಮತ್ತೆ ಎಳೆಯಬೇಕು. ಡಿಸೆಂಬರಿನಲ್ಲಿ ಪ್ರತಿ ಸಲವೂ ಬಕೆಟ್ಟು. ಜನವರಿಯಲ್ಲಿ ಆಗೊಮ್ಮೆ ಈಗೊಮ್ಮೆ. ಫೆಬ್ರವರಿಯಲ್ಲಿ ಬೂಟು ಕಪ್ಪಗೇ ಇತ್ತು, ಒಂದು ಸಂಜೆ ಮಿಸ್ “ಹೂಂ” ಎಂದು ತಲೆಯಾಡಿಸಿದರು. ಆ ರಾತ್ರಿ ಥೋರಾಳಿಗೆ ಸಂತೋಷವಾಗಬೇಕಿತ್ತು. ಅದರ ಬದಲು ಹಾಸಿಗೆಯಲ್ಲಿ ಮಲಗಿ ಕೊಟ್ಟಿಗೆಯ ಅಟ್ಟವನ್ನು ನೆನೆಯಲು ಹೋದರೆ, ಅಲ್ಲಿಯೂ ನಟ್ಟನಡುವೆ ಒಂದು ಬಿಳಿ ಗೆರೆ ಕಾಣಿಸಿತು. ಅಳು ಬಂತು.

ಪಂದ್ಯ ಮುಗಿದ ಮೇಲೆ ಬಂದ ತಂಡಕ್ಕೆ ಊಟ ಹಾಕುವುದು ಆತಿಥೇಯರ ಕೆಲಸ. ಯಾರು ಯಾರೆದುರು ಆಡಿದರೋ ಅವರೇ ಅವರ ಪಕ್ಕ ಕುಳಿತು ಬಡಿಸಬೇಕು. ಅದು ಈ ಕಡೆಯ ಕಾಲೇಜುಗಳೆಲ್ಲದರ ಪದ್ಧತಿ. ಬೆಳಿಗ್ಗೆ ಅಡಿಗೆಮನೆಯಲ್ಲಿ ಥೋರಾ ಆಲೂಗಡ್ಡೆ ಸುಲಿಯುತ್ತಿದ್ದಳು, ಬ್ಯೂಲಾ ಸಾರಿಗೆ ಹಾಕುವ ಆಯ್‌ಸ್ಟರ್ ಎಂಬ ಚಿಪ್ಪುಮೀನಿನ ಡಬ್ಬಿಗಳ ಮುಚ್ಚಳ ಬಿಚ್ಚಲು ಹೆಣಗುತ್ತಿದ್ದಳು. ನವೆಂಬರಿನ ಊಟ ಥೋರಾಳ ಕಣ್ಣ ಮುಂದೆ ಬಂತು. ಕೊರಿನ್ ತಟ್ಟೆಗೆ ಉಪ್ಪಿನ ಸೌತೆಕಾಯಿ ಹಾಕುತ್ತ ಮತ್ತೆ ಮತ್ತೆ ನಗು ನುಂಗುತ್ತಿದ್ದಳು, ಇವಳು ತಟ್ಟೆಯಿಂದ ತಲೆಯೆತ್ತಿರಲಿಲ್ಲ. ಇವತ್ತು ಆ ಕೆಂಚಿಗೆ ತಾನು ಬಡಿಸಬೇಕು.

“ನಾನು ಓಡಲ್ಲ ಕಣೇ,” ಎಂದಳು ಥೋರಾ ಇದ್ದಕ್ಕಿದ್ದಂತೆ.

“ನಾನೇನಾದ್ರೂ ಹಾಗಂದ್ನಾ?”

“ಅನ್ನಲಿಲ್ಲ. ನಾಲ್ಕು ತಿಂಗಳಿಂದ ನೀನು ಏನೂ ಅನ್ನಲಿಲ್ಲ.”

ಬ್ಯೂಲಾ ಡಬ್ಬಿ ಕೆಳಗಿಟ್ಟು ಬೆರಳು ಚೀಪಿಕೊಂಡಳು, ತಗಡು ಕೊಯ್ದಿತ್ತು. “ಏನು ಅನ್ನೋದೇ ಮಾರಾಯ್ತಿ? ನನಗೆ ಈ ಆಟ ಬಿಟ್ರೆ ಈ ಕಾಲೇಜಲ್ಲಿ ಏನಿದೆ? ಗಣಿತ ಬರಲ್ಲ, ಲ್ಯಾಟಿನ್ ಬರಲ್ಲ. ಅದನ್ನ ಬಾಯಿಬಿಟ್ಟು ಹೇಳಿ ನಿನ್ನ ಎದೆ ಮೇಲೆ ಇನ್ನೊಂದು ಕಲ್ಲು ಇಡ್ಲಾ? ಹೋಗ್ಲಿ ಬಿಡು, ಈ ದರಿದ್ರ ಡಬ್ಬಿ ಸ್ವಲ್ಪ ಹಿಡ್ಕೊ.”

ಥೋರಾ ಡಬ್ಬಿ ಹಿಡಿದುಕೊಂಡಳು. ಕಲ್ಲು ಇಟ್ಟದ್ದಾಯಿತು, ಆದರೂ ಎಷ್ಟೋ ಹಗುರವಾಯಿತು.

ಮೂರು ಗಂಟೆಗೆ ವ್ಯಾಯಾಮಶಾಲೆಯ ಬಾಗಿಲು ಹಾಕಿದರು. ಬ್ಲೂಮರ್ ಎಂಬ ದೊಗಲೆ ಚಲ್ಲಣ ತೊಟ್ಟ ಹುಡುಗಿಯರನ್ನು ಗಂಡಸರು ನೋಡಬಾರದು. ಅಧ್ಯಕ್ಷರಿಗೆ ಮಾತ್ರ ವಿನಾಯಿತಿ, ಅದೂ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು. ಇನ್ನೊಬ್ಬ ಗಂಡಸೆಂದರೆ ಜಾಡಮಾಲಿ ಗುಸ್ತಾಫ್ ಅಜ್ಜ. ಬುಟ್ಟಿಯ ಬಲೆ ತಳದಲ್ಲಿ ಮುಚ್ಚಿಕೊಂಡಿತ್ತು, ಚೆಂಡು ಬಿದ್ದರೆ ಅಲ್ಲೇ ಕೂರುತ್ತಿತ್ತು. ಮೇಲಿನ ಮೊಗಸಾಲೆಯಿಂದ ಹಗ್ಗ ಎಳೆದು ಅದನ್ನು ಬೀಳಿಸಲು ಯಾರಾದರೂ ಬೇಕಲ್ಲ. ಬುಟ್ಟಿ ಬಿಟ್ಟು ಬೇರೇನನ್ನೂ ನೋಡಕೂಡದೆಂದು ಅಜ್ಜನಿಗೆ ಅಪ್ಪಣೆಯಾಗಿತ್ತು. ಇಡೀ ವರ್ಷದ ಪಂದ್ಯಗಳಲ್ಲಿ ಅವನು ಚೆಂಡು ಬಂದದ್ದನ್ನಷ್ಟೇ ಕಂಡಿದ್ದ, ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿರಲಿಲ್ಲ.

ಆಟದ ಮೊದಲ ಚೆಂಡಿಗೆ ಹಾರಲು ಎದುರುಬದುರು ನಿಂತಾಗ ಕೊರಿನ್ ಮೆಲ್ಲಗೆ ಕೇಳಿದಳು, “ಏನೇ ಲಂಬೂ, ಇವತ್ತೂ ಓಡ್ತೀಯಾ?” ಥೋರಾ ಚೆಂಡಿನ ಮೇಲೆ ಕಣ್ಣು ನೆಟ್ಟಳು. ಬುಟ್ಟಿ ಬಿದ್ದಾಗಲೆಲ್ಲ ಚೆಂಡು ಮತ್ತೆ ನಡುವಿಗೆ ಬರುತ್ತದೆ, ಮತ್ತೆ ಇಬ್ಬರೂ ಎದುರುಬದುರು. ಪ್ರತಿ ಸಲವೂ ಕೊರಿನ್‌ಳ ಕಣ್ಣು ಅವಳ ಕಾಲಿನ ಕಡೆಗೆ ಹೋಗುತ್ತಿತ್ತು, ಪ್ರತಿ ಸಲವೂ ಥೋರಾ ಆ ನೋಟವನ್ನು ನುಂಗಿಕೊಂಡು ಅವಳಿಗಿಂತ ಒಂದು ಬೆರಳು ಎತ್ತರ ಹಾರುತ್ತಿದ್ದಳು. ಚೆನ್ನಾಗಿಯೇ ಆಡಿದಳು. ಚೆಂಡು ಹಿಡಿದು ಬ್ಯೂಲಾಳ ಕೈಗೇ ಹೋಗುವಂತೆ ಎಸೆದಳು, ಬ್ಯೂಲಾ ಬುಟ್ಟಿಗೆ ಹಾಕಿದಳು, ಮೇಲೆ ಅಜ್ಜನ ಹಗ್ಗ ಕಿರುಗುಟ್ಟಿತು. ಅಧ್ಯಕ್ಷರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಆಟವನ್ನಲ್ಲ, ಗೆರೆಯನ್ನು ನೋಡುತ್ತಿದ್ದರು. ಇಂಥ ಪ್ರೇಕ್ಷಕ ಯಾವ ಆಟಕ್ಕೂ ಬೇಡ ಎಂದುಕೊಂಡಳು.

ಕೊನೆಯ ಹೊತ್ತಿಗೆ ಎರಡೂ ಕಡೆ ಸರಿಸಮ. ಹಾರಿದಾಗ ಇಬ್ಬರ ಬೆರಳೂ ತಾಕಿ ಚೆಂಡು ಯಾರ ಕೈಗೂ ಸಿಗದೆ, ಪುಟಿದು, ಮಾರ್ಲಿಯವರು ಬುಟ್ಟಿ ಹಾಕುವ ಕಡೆಗೆ ಗೆರೆ ದಾಟಿ ಉರುಳಿತು. ಅಲ್ಲಿ ತಡೆಯುವವಳೊಬ್ಬಳು ಮುಗ್ಗರಿಸಿ ಬಿದ್ದಿದ್ದಳು, ಇನ್ನೊಬ್ಬಳು ಅವಳ ಮೇಲೆ. ಚೆಂಡು ಒಂಟಿಯಾಗಿ ಉರುಳುತ್ತಿತ್ತು. ಇಬ್ಬರೂ ಓಡಿದರು. ಗೆರೆಯ ಹತ್ತಿರ ಥೋರಾಳ ಎಡಗಾಲು ನಿಂತಿತು, ಅವಳು ಹೇಳುವ ಮೊದಲೇ, ಹೇಳಬೇಕೆಂದು ಅವಳಿಗೆ ಹೊಳೆಯುವ ಮೊದಲೇ. ಕೊರಿನ್‌ಳ ಕಾಲು ನಿಲ್ಲಲಿಲ್ಲ.

ಅವಳ ಕೆಂಪು ಜಡೆ ಬೆನ್ನ ಮೇಲೆ ಹಾರುತ್ತಿತ್ತು. ಚೆಂಡು ಎತ್ತಿಕೊಂಡಳು, ಒಮ್ಮೆ ಪುಟಿಸಿದಳು, ಬುಟ್ಟಿಯ ಕೆಳಗೆ ಹೋಗಿ ಕೈಯೆತ್ತಿದಳು. ಬೀಳಲಿ, ಎಂದಿತು ಥೋರಾಳ ಮನಸ್ಸು. ದೇವರೇ, ಬೀಳಲಿ. ಎದುರಾಳಿಯ ಚೆಂಡು, ಬಿದ್ದರೂ ಲೆಕ್ಕಕ್ಕಿಲ್ಲ, ಅಧ್ಯಕ್ಷರು ನೋಡುತ್ತಿದ್ದಾರೆ, ಬ್ಯೂಲಾ ನೋಡುತ್ತಿದ್ದಾಳೆ, ಆದರೂ ಅವಳ ಇಡೀ ಮೈ ಅದು ಬೀಳಲೆಂದು ಬೇಡಿಕೊಂಡಿತು. ಅಂಥ ದ್ರೋಹ ತನ್ನೊಳಗೆ ಇತ್ತೆಂದು ಅವಳಿಗೆ ಗೊತ್ತಿರಲಿಲ್ಲ. ಚೆಂಡು ಅಂಚಿಗೆ ಬಡಿದು ಹೊರಗೆ ಬಂತು. ಸೀಟಿ.

ಆಮೇಲೆಲ್ಲ ಬೇಗ ಮುಗಿಯಿತು. ಗೆರೆ ದಾಟಿದ್ದಕ್ಕೆ ಒಂದು ಎಸೆತ. ಬ್ಯೂಲಾ ಎರಡು ಕೈಯಲ್ಲಿ ಮೊಣಕಾಲ ಕೆಳಗಿನಿಂದ ಚೆಂಡನ್ನು ಎತ್ತಿ ಎಸೆದಳು, ಅದು ಬಲೆಯೊಳಗೆ ಕುಳಿತಿತು. ಹುಡುಗಿಯರು ಕಿರುಚಿ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಬ್ಯೂಲಾ ಅಳುತ್ತ ಥೋರಾಳ ಹೆಗಲು ಕಚ್ಚಿದಳು. ಅಧ್ಯಕ್ಷರು ಬಂದು ತಮ್ಮ ತಣ್ಣನೆಯ ಕೈಯಿಂದ ಅವಳ ಕೈ ಕುಲುಕಿ, “ಈಗ ನಿನಗೆ ಎಲ್ಲಿ ನಿಲ್ಲಬೇಕು ಅಂತ ತಿಳಿದಿದೆ ಮಗು. ಮುಂದಿನ ವರ್ಷಾನೂ ಆಡಿ, ಅಭ್ಯಂತರವಿಲ್ಲ,” ಎಂದರು. ಮಿಸ್ ಹಾಲ್ಕಮ್ ಅಭ್ಯಾಸಬಲದಿಂದ ಬೂಟಿನ ತುದಿ ನೋಡಿದರು. ಕಪ್ಪಗಿತ್ತು. “ಹೂಂ,” ಎಂದರು, ಆದರೆ ಆ ಹೂಂಕಾರದಲ್ಲಿ ಗೆದ್ದವರ ಸಡಗರ ಇರಲಿಲ್ಲ. ಥೋರಾಳಿಗೆ ಎಲ್ಲರ ಸಂತೋಷದ ನಡುವೆ ತಾನು ಏನೋ ಕಳೆದುಕೊಂಡು ಬಂದವಳಂತೆ ಅನಿಸುತ್ತಿತ್ತು.

ಊಟದ ಮೇಜಿನಲ್ಲಿ ಕೊರಿನ್ ತಲೆ ತಗ್ಗಿಸಿ ಕುಳಿತಿದ್ದಳು. ಅವಳ ತಂಡದವರು ಅವಳ ಕಡೆ ನೋಡುತ್ತಿರಲಿಲ್ಲ. ಆ ನೋಡದಿರುವಿಕೆ ಎಷ್ಟು ಭಾರವೆಂದು ಆ ಕೋಣೆಯಲ್ಲಿ ಥೋರಾಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಬಟ್ಟಲಿಗೆ ಬಿಸಿ ಸಾರು ಬಡಿಸಿದಳು. ರೈ ಧಾನ್ಯದ ರೊಟ್ಟಿಗೆ ಬೆಣ್ಣೆ ಸವರಿಟ್ಟಳು. ಆಮೇಲೆ ಉಪ್ಪಿನ ಸೌತೆಕಾಯಿ ಒಂದನ್ನು ಅವಳ ತಟ್ಟೆಗೆ ಹಾಕಿದಳು.

ಕೊರಿನ್ ಅದನ್ನು ನೋಡಿ ಫಕ್ಕನೆ ನಕ್ಕಳು. ಕಣ್ಣಲ್ಲಿ ನೀರಿತ್ತು. “ಎಲ್ಲಾ ನಿನ್ನಿಂದಾನೇ ಕಣೇ,” ಎಂದಳು.

“ನಾನೇನು ಮಾಡ್ದೆ?”

“ಆವತ್ತು ನೀನು ಓಡಿದ್ದೇ ಓಡಿದ್ದು, ನನಗೆ ನಿದ್ದೆ ಬರ್ಲಿಲ್ಲ. ಚಳಿಗಾಲ ಪೂರ್ತಿ ಬೆಳಿಗ್ಗೆ ಯಾರೂ ಇಲ್ದಾಗ ಹೋಗಿ ನಮ್ಮ ಅಂಗಳದಲ್ಲಿ ಈ ಕಡೆಯಿಂದ ಆ ಕಡೆಗೆ ಓಡ್ತಿದ್ದೆ. ಇವತ್ತು ನೀನು ಓಡೇ ಓಡ್ತೀಯ ಅಂತ ಕಾದು ಕಾದು, ಕೊನೆಗೆ ನನ್ನ ಕಾಲೇ ಓಡ್ತು ನೋಡು.”

“ನೀನು ಆವತ್ತು ನಕ್ಕೆಯಲ್ಲ!” ಥೋರಾ ಬೆಣ್ಣೆಯ ಚಾಕು ಕೆಳಗಿಟ್ಟಳು. “ಹೊಟ್ಟೆ ಹಿಡ್ಕೊಂಡು ನಕ್ಕೆ. ನಾಲ್ಕು ತಿಂಗಳು ಆ ನಗು ನನ್ನ ಕಿವೀಲಿದೆ.”

“ಅಯ್ಯೋ ಪೆದ್ದಿ, ಖುಷಿಗೆ ನಕ್ಕೆ! ಅಂಥದ್ದು ನೋಡಿದ್ರೆ ಅಳೋಕಾಗುತ್ತಾ? ನಿಮ್ಮ ಮಿಸ್ಸೇ ಎದ್ದು ನಿಂತು ಎರಡೂ ಕೈ ಮೇಲೆತ್ತಿದ್ರು. ಸೀಟಿ ಊದಿದ ಮೇಲೆ ಇಳಿಸಿದ್ರು. ನೀನು ನೋಡ್ಲಿಲ್ವಾ?”

ಥೋರಾ ನೋಡಿರಲಿಲ್ಲ. ನೋಡಿದ್ದಳು, ಆದರೆ ಎದ್ದು ನಿಂತದ್ದನ್ನಷ್ಟೇ ನೋಡಿ ಮಿಕ್ಕದ್ದನ್ನು ತಾನೇ ತುಂಬಿಕೊಂಡಿದ್ದಳು. ಮೇಜಿನ ಆ ತುದಿಯಲ್ಲಿ ಮಿಸ್ ಹಾಲ್ಕಮ್ ಮಾರ್ಲಿಯ ಮೇಡಮ್ಮಿಗೆ ಕಾಫಿ ಬಗ್ಗಿಸುತ್ತ ಹವಾಮಾನದ ಮಾತಾಡುತ್ತಿದ್ದರು. ಅಷ್ಟು ದಿನದ ಆ ನಗು ಅವಳ ಕಿವಿಯಲ್ಲಿ ಇನ್ನೊಂದು ಸಲ ಮೊಳಗಿತು. ಅದೇ ನಗು, ಆದರೆ ಚುಚ್ಚಲಿಲ್ಲ. ರೈಲಿಗೆ ಇನ್ನೂ ಹೊತ್ತಿತ್ತು. ಅವಳು ಕೊರಿನ್‌ಳ ತೋಳು ಹಿಡಿದು ಎಬ್ಬಿಸಿದಳು.

ವ್ಯಾಯಾಮಶಾಲೆಯಲ್ಲಿ ಯಾರೂ ಇರಲಿಲ್ಲ. ಪಶ್ಚಿಮದ ಕಿಟಕಿಯಿಂದ ಇಳಿಬಿಸಿಲು ಅಂಗಳದುದ್ದಕ್ಕೂ ಬಿದ್ದಿತ್ತು, ಎರಡು ಬಿಳಿ ಗೆರೆಗಳು ಎದ್ದು ಕಾಣುತ್ತಿದ್ದವು. ಕೊರಿನ್ ಮೂಲೆಯಲ್ಲಿದ್ದ ಚೆಂಡು ತಂದು ಅವಳ ಕೈಗೆ ಕೊಟ್ಟಳು. ಥೋರಾ ಗೋಡೆಗೆ ಬೆನ್ನು ತಾಗಿಸಿ ನಿಂತಳು, ಎದುರು ತುದಿಯಲ್ಲಿ ಬುಟ್ಟಿ. ಓಡಿದಳು. ಗೆರೆಯ ಹತ್ತಿರ ಎಡಗಾಲು ನಿಂತಿತು.

ಮತ್ತೆ ಹಿಂದೆ ಹೋಗಿ ಓಡಿದಳು. ಮತ್ತೆ ನಿಂತಿತು. ಸೀಟಿ ಇಲ್ಲ, ಅಧ್ಯಕ್ಷರಿಲ್ಲ, ಆದರೂ ಕಾಲು ಅವಳದಲ್ಲ, ಅವರದಾಗಿಬಿಟ್ಟಿದೆ. ಇನ್ನು ಬಾಳಿಡೀ ಹೀಗೇ ಜಮಖಾನದ ಅಂಚಿನಲ್ಲಿ, ಹೊಸ್ತಿಲಲ್ಲಿ, ನೆರಳು ಮುಗಿಯುವಲ್ಲಿ ನಿಲ್ಲುವವಳೇ ತಾನು? “ಆಗಲ್ಲ ಕಣೇ,” ಎಂದು ಗೆರೆಯ ಈಚೆಗೆ ನಿಂತೇ ಅತ್ತಳು. “ನನ್ನ ಕೈಲಿ ಆಗಲ್ಲ.”

ಕೊರಿನ್ ಸಮಾಧಾನ ಮಾಡುವ ಜಾತಿಯವಳಲ್ಲ. ಬಂದವಳೇ ಚೆಂಡಿಗೆ ಕೆಳಗಿನಿಂದ ಒಂದು ಏಟು ಕೊಟ್ಟು ಹಾರಿಸಿದಳು, ಮೊಣಕೈಯಿಂದ ಥೋರಾಳ ಪಕ್ಕೆಗೆ ಬಲವಾಗಿ ತಿವಿದಳು, “ಹಿಡಿ ನೋಡೋಣ!” ಎಂದು ಚೆಂಡಿನ ಹಿಂದೆ ಓಡಿದಳು. ಪಕ್ಕೆ ಚುರುಗುಟ್ಟಿತು. ಅದು ಎರಿಕ್ ಅಣ್ಣನ ಮೊಣಕೈಯೇ. ಥೋರಾಳಿಗೆ ಸಿಟ್ಟು ಬಂತು, ಎಳೆಯ, ಚೊಕ್ಕಟವಾದ ಸಿಟ್ಟು. ಓಡಿದಳು. ಅಂಗಳದ ಅರ್ಧದಲ್ಲಿ ಕೊರಿನ್‌ಳನ್ನು ಹೆಗಲಿನಿಂದ ಪಕ್ಕಕ್ಕೆ ತಳ್ಳಿ ಚೆಂಡು ಬಾಚಿಕೊಂಡಳು, ಪುಟಿಸಿದಳು, ಮೂಗಿಗೆ ಹುಲ್ಲಿನ ಧೂಳು ಬಂತು, ಹಲಗೆಗಳು ಕಾಲಡಿಯಲ್ಲಿ ದಡದಡ ಸದ್ದು ಮಾಡಿದವು, ಬುಟ್ಟಿಯ ಕೆಳಗೆ ಹಾರಿ ಎಸೆದಳು. ಚೆಂಡು ಬಿದ್ದ ಮೇಲೆಯೇ ಅವಳಿಗೆ ಗೆರೆಗಳು ನೆನಪಾದದ್ದು. ತಿರುಗಿ ನೋಡಿದರೆ ಎರಡೂ ಹಿಂದೆ ಉಳಿದಿದ್ದವು, ಒಂದರ ನಡುವೆ ಅವಳ ಕಾಲು ಸವರಿ ಹೋದ ಗುರುತಿತ್ತು.

ಕೊರಿನ್ ನೆಲದ ಮೇಲೆ ಕುಳಿತೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆಮೇಲೆ ಇಬ್ಬರೂ ಮೇಲೆ ನೋಡಿದರು. ಚೆಂಡು ಬಲೆಯೊಳಗೆ ಕುಳಿತಿತ್ತು. ಮೊಗಸಾಲೆಗೆ ಬೀಗ, ಬೀಗದ ಕೈ ಗುಸ್ತಾಫ್ ಅಜ್ಜನ ಸೊಂಟದಲ್ಲಿ, ಅಜ್ಜ ಮನೆಯಲ್ಲಿ. ದೂರದಲ್ಲಿ ರೈಲು ಕೂಗಿತು. “ಬಿಡು, ಇರ್ಲಿ ಅಲ್ಲೇ,” ಎಂದು ಕೊರಿನ್ ಎದ್ದು ಲಂಗ ಕೊಡವಿಕೊಂಡು ಓಡಿದಳು.

ಭಾನುವಾರ ಇಡೀ ದಿನ ಚರ್ಚಿನಲ್ಲಿ, ಊಟದಲ್ಲಿ, ಚೆಂಡು ಅವಳ ತಲೆಯ ಮೇಲೆಯೇ ನೇತಾಡುತ್ತಿದ್ದಂತೆ ಇತ್ತು. ಬ್ಯೂಲಾಳಿಗೆ ಹೇಳಿದಳು. ಬ್ಯೂಲಾ ಈ ಸಲ ಸುಮ್ಮನಾಗಲಿಲ್ಲ, ಬಾಯಿಗೆ ಬಂದಂತೆ ಬೈದಳು: “ಗೆದ್ದು ಮುಗಿಸಿದ ಮೇಲೂ ನಿನಗೆ ಕೊಬ್ಬಾ? ಬುಟ್ಟಿಗೆ ಬೇರೆ ಹಾಕ್ದೆಯಾ?” ಬೈದು ಮುಗಿಸಿ, ತಡೆದು, ಕೇಳಿದಳು, “ಎಷ್ಟು ದೂರದಿಂದ ಓಡಿದೆ?”

ಸೋಮವಾರ ಬೆಳಿಗ್ಗೆ ಕರೆ ಬಂತು. ಮಿಸ್ ಹಾಲ್ಕಮ್ ಬುಟ್ಟಿಯ ಕೆಳಗೆ ಒಬ್ಬರೇ ನಿಂತು ತಲೆಯೆತ್ತಿ ಚೆಂಡು ನೋಡುತ್ತಿದ್ದರು. ಗುಸ್ತಾಫ್ ಅಜ್ಜ ಮೇಲೆ ಮೊಗಸಾಲೆಯಲ್ಲಿ ಹಗ್ಗ ಹಿಡಿದು, ಅಪ್ಪಣೆಯ ಪ್ರಕಾರ ಬುಟ್ಟಿಯನ್ನು ಮಾತ್ರ ನೋಡುತ್ತ ಕಾಯುತ್ತಿದ್ದ. ಥೋರಾಳಿಗೆ ಸುಳ್ಳು ಹೇಳಬೇಕೆನಿಸಲಿಲ್ಲ. ಯಾರೂ ಕೇಳದೆಯೇ ಎಡಗಾಲನ್ನು ಮುಂದೆ ಚಾಚಿದಳು. ಶನಿವಾರದಿಂದ ಆ ಬೂಟನ್ನು ಒರೆಸಿರಲಿಲ್ಲ, ತುದಿ ಬೆಳ್ಳಗಿತ್ತು.

“ಎಲ್ಲಿಂದ?” ಎಂದರು ಮಿಸ್.

ಥೋರಾ ಆಚೆ ತುದಿಯ ಗೋಡೆಯ ಕಡೆಗೆ ಕೈ ತೋರಿಸಿದಳು.

ಮಿಸ್ ಹಾಲ್ಕಮ್ ಆ ದೂರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಡೆದುಹೋಗಿ ಬಾಗಿಲು ಹಾಕಿ ಚಿಲಕವಿಟ್ಟರು, ತಲೆಯೆತ್ತಿ ಅಜ್ಜನಿಗೆ ಸನ್ನೆ ಮಾಡಿದರು. ಹಗ್ಗ ಕಿರುಗುಟ್ಟಿತು, ಚೆಂಡು ಅವರ ಕೈಗೆ ಬಿತ್ತು. ಅದನ್ನು ಥೋರಾಳ ಎದೆಗೆ ಎಸೆದು, ಲಂಗದ ಅಂಚನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಹೇಳಿದರು:

“ಹೂಂ. ಓಡಿ ತೋರಿಸು. ಅಜ್ಜ, ನೀವೂ ನೋಡಿ.”